ಚೀನಾಂಶುಕದಿಂದ ಚಂದ್ರಿಕೆಯವರೆಗೆ

ಎದುರುಗಾಳಿಗೆ ಹಿಂದಕ್ಕೆ ಹಾರುವ ಚೀನಾಂಶುಕದ ಬಾವುಟಕ್ಕೆ ದುಷ್ಯಂತನ ಮನಸ್ಸನ್ನು ಕಾಳಿದಾಸನು ಹೋಲಿಸಿದ್ದಾನೆ. ಕೌಟಿಲ್ಯನ ಅರ್ಥಶಾಸ್ತ್ರವೂ ಚೀನಪಟ್ಟವನ್ನು ಹೆಸರಿಸುತ್ತದೆ. ಬಟ್ಟೆಯೂ ಅದರ ಹೆಸರೂ ನಮ್ಮ ದೇಶಕ್ಕೆ ಹಿಂದೆಯೇ ಬಂದವು. ಅದನ್ನು ಮಾಡುವ ವಿದ್ಯೆ ಮೈಸೂರು ಸೀಮೆಯಲ್ಲಿ ನೆಲೆಗೊಂಡುದು ಬಹಳ ತಡವಾಗಿ.

ಚೀನೀಯರು ಕಾಡುಹುಳುವನ್ನು ಪಳಗಿಸಿ, ಮನುಷ್ಯನು ಸೊಪ್ಪು ಹಾಕದಿದ್ದರೆ ಬದುಕಲಾರದ ಸಾಕುಜೀವಿಯನ್ನಾಗಿ ಮಾಡಿದರು. ಆ ಗುಟ್ಟನ್ನು ಶತಮಾನಗಳ ಕಾಲ ಕಾಪಾಡಿದರು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳು ತರಿಸಿ ಈ ಕಸುಬಿಗೆ ಇಲ್ಲಿ ಬೇರು ಕೊಟ್ಟನು.

ನಮ್ಮ ತುಮಕೂರು ಜಿಲ್ಲೆಯಲ್ಲಿ ಹಾಗಲವಾಡಿಯ ಕಡೆ ತೆಂಗು ಹೆಚ್ಚು. ತೆಂಕಲ ಕುಣಿಗಲ್ ಸೀಮೆ ಮೈಸೂರು ತಳಿಯ ಬಿತ್ತನೆಗೂಡಿಗೆ ಹೆಸರಾದುದು. ಹುಳುವು ಹಿಪ್ಪುನೇರಳೆ ಸೊಪ್ಪನ್ನು ಮೇದು, ನಾಲ್ಕು ಜ್ವರ ಕಳೆದು ಹಣ್ಣಾದಾಗ ಮನೆಮಂದಿಯೆಲ್ಲ ಸೇರಿ ಅದನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಅಲ್ಲಿಯವರೆಗೆ ಹಗಲಿರುಳೂ ಎಚ್ಚರ ಬೇಕು. ರೋಗ ತಗುಲಿದರೆ ಇಡೀ ಬೆಳೆ ಹೋದಂತೆ.

ಇಷ್ಟು ಪಾಡುಪಟ್ಟ ಗೂಡಿನ ಬೆಲೆಯನ್ನು ಚೀನದ ಅಗ್ಗದ ಕಚ್ಚಾ ರೇಷ್ಮೆ ಕುಗ್ಗಿಸಿತು. 2003ರಲ್ಲಿ ಭಾರತ ಸರ್ಕಾರ ಅದರ ಮೇಲೆ ವಿಶೇಷ ಸುಂಕ ವಿಧಿಸಬೇಕಾಯಿತು. ವಿದ್ಯೆಯ ತವರೇ ಪೇಟೆಯಲ್ಲಿ ಎದುರಾಳಿಯಾಯಿತು. ಧಾರೆಯ ಸೀರೆಯನ್ನು ಮಡಿಯೆಂದು ಕಣ್ಣಿಗೊತ್ತಿಕೊಳ್ಳುವ ನಾವು, ಆ ಎಳೆಗಾಗಿ ನಿದ್ದೆಗೆಟ್ಟವರಿಗೆ ತಕ್ಕ ಬೆಲೆ ಸಂದಿತೇ ಎಂದೂ ಕೇಳಬೇಕಲ್ಲವೇ?