ನಮ್ಮ ಕಡೆಯ ಹೈಸ್ಕೂಲು ಕಬಡ್ಡಿ ಆಟಗಾರರು

ನಾನು ಓದಿದ್ದು ಏಳನೇ ಕ್ಲಾಸು. ಹೈಸ್ಕೂಲಿಗೆ ಸೇರಿದವನಲ್ಲ. ಆದರೂ ಹೈಸ್ಕೂಲು ಕಬಡ್ಡಿ ಹುಡುಗರ ಬಗ್ಗೆ ಬರೆಯೋಕೆ ಕೂತಿದ್ದೀನಿ. ಅವರು ಆಡಿದ್ದನ್ನ ಗೆರೆ ಪಕ್ಕದಲ್ಲಿ ನಿಂತು ನೋಡಿದ್ದೀನಿ. ಆಮೇಲೆ ಅವರ ಮೇಲೆ ಪದ ಕಟ್ಟಿ ಹಾಡಿದ್ದೀನಿ. ಆ ಪದದಲ್ಲಿ ಒಂದು ತಪ್ಪಾಗಿದೆ. ಅದನ್ನೂ ಇಲ್ಲಿ ಹೇಳಬೇಕು.

ಹೋದ ವರ್ಷ ಡೆಂಕಣಿಕೋಟೆಯ ಒಂದು ಟೀ ಅಂಗಡಿಯಲ್ಲಿ ಟಿವಿ ಹಾಕಿದ್ರು. ಪ್ರೊ ಕಬಡ್ಡಿ ಬರ್ತಿತ್ತು. ಹೊಸೂರಿನ ಕಂಪನಿಗೆ ಕೆಲಸಕ್ಕೆ ಹೋಗೋ ಒಬ್ಬ ಹುಡುಗ, "ತಾತಾ, ನಮ್ಮ ಕಡೆ ಹಿಂಗೆ ಆಡೋರು ಯಾರಾದ್ರೂ ಇದ್ರಾ?" ಅಂದ. ಅಲ್ಲಿ ಕೂತಿದ್ದ ನಾವು ಮೂರು ಜನ ಮುದುಕರು ಒಟ್ಟಿಗೇ ಬಾಯಿ ಬಿಟ್ವಿ. ಒಬ್ಬ 1973 ಅಂದ, ಇನ್ನೊಬ್ಬ 1975 ಅಂದ. ಸೋತಿದ್ದು ಒಂದು ಪಾಯಿಂಟಲ್ಲಿ ಅಂತ ಒಬ್ಬ, ಮೂರರಲ್ಲಿ ಅಂತ ಇನ್ನೊಬ್ಬ. ಹುಡುಗ ನಗ್ತಾ ಎದ್ದು ಹೋದ. ನಮ್ಮ ಹತ್ತಿರ ಇರೋ ಚರಿತ್ರೆ ಇಷ್ಟೇನಾ ಅಂತ ನನಗೆ ಬೇಜಾರಾಯ್ತು.

ಕಬಡ್ಡಿಗೆ ದೊಡ್ಡ ಚರಿತ್ರೆ ಇದೆ, ಅದನ್ನ ಬರೆದಿಟ್ಟಿದ್ದಾರೆ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ನಡೆದಾಗ ಮಹಾರಾಷ್ಟ್ರದ ಅಮರಾವತಿಯಿಂದ ಹೋದವರು ಅಲ್ಲಿ ಈ ಆಟ ಆಡಿ ತೋರಿಸಿದರು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್ ಆಯಿತು. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಗಂಡಸರ ಕಬಡ್ಡಿಗೆ ಪದಕ ಇಟ್ಟರು. ಆವತ್ತಿನಿಂದ 2014ರವರೆಗೆ ಏಳು ಸಲವೂ ಚಿನ್ನ ನಮ್ಮ ದೇಶಕ್ಕೇ. 2018ರಲ್ಲಿ ಇರಾನ್ ಎದುರು ಸೋತರು. ಹೆಂಗಸರ ಕಬಡ್ಡಿ ಸೇರಿದ್ದು 2010ರಲ್ಲಿ. ಕಾರ್ಕಳ ಕಡೆಯ ಮಮತಾ ಪೂಜಾರಿ, ಕರ್ನಾಟಕದ ಬಿ.ಸಿ. ರಮೇಶ್, ತಂಜಾವೂರು ಕಡೆಯ ಧರ್ಮರಾಜ್ ಚೇರಲಾತನ್, ಇವರ ಹೆಸರು ಪೇಪರಿನಲ್ಲಿದೆ. ಮಮತಾಗೂ ರಮೇಶ್‌ಗೂ ಅರ್ಜುನ ಪ್ರಶಸ್ತಿಯೂ ಬಂತು. ಗೆದ್ದವರನ್ನ ಬರೆದಿಡ್ತಾರೆ, ಅದು ಸರಿಯೇ. ತಾಲ್ಲೂಕು ದಾಟದವರನ್ನ ಯಾರು ಬರೆದಿಡಬೇಕು?

ನಾವು ಚಿಕ್ಕವರಾಗಿದ್ದಾಗ ನಮ್ಮದು ಧರ್ಮಪುರಿ ಜಿಲ್ಲೆ. ಅದಾಗಿದ್ದು 1965ರಲ್ಲಿ, ಅದಕ್ಕೂ ಮುಂಚೆ ಸೇಲಂ ಜಿಲ್ಲೆ. ಕೃಷ್ಣಗಿರಿ ಜಿಲ್ಲೆ ಆಗಿದ್ದು 2004ರಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಆಫೀಸಿನಲ್ಲಿ ತಮಿಳು. ಆಟದಲ್ಲೂ ಹಂಗೇ. ನಾವು ಕಬಡ್ಡಿ ಅಂದ್ರೆ ತಮಿಳು ಹುಡುಗರು ಸಡುಗುಡು ಅನ್ನೋರು. ಎದುರು ಕಡೆಗೆ ಉಸಿರು ಬಿಡದೆ ಹೋಗುವವನನ್ನ ನಾವು ರೈಡರ್ ಅಂತೀವಿ. ತಮಿಳಿನವರು ಪಾಡಿ ಬರುವವನು ಅಂತಾರೆ, ಅಂದರೆ ಹಾಡಿಕೊಂಡು ಬರುವವನು. ಪದ ಹಾಡುವ ನನಗೆ ಆ ಮಾತು ಕೇಳಿದಾಗಲೆಲ್ಲ ಖುಷಿ.

ಈಗ ರೈಡಿಗೆ 30 ಸೆಕೆಂಡು ಅಂತ ಗಡಿಯಾರ ನೋಡ್ತಾರೆ. ಆಗ ಗಡಿಯಾರ ಯಾರ ಕೈಯಲ್ಲಿತ್ತು? ಉಸಿರು ಇದ್ದಷ್ಟು ಹೊತ್ತು ರೈಡು. ನಾನು ಗೆರೆ ಪಕ್ಕ ನಿಂತು ಮನಸ್ಸಲ್ಲೇ ಒಂದು ಕೋಲಾಟದ ಪದ ಹೇಳಿಕೊಳ್ತಿದ್ದೆ. ಸಾಧಾರಣ ಹುಡುಗರ ಉಸಿರು ಎರಡು ಸಾಲಿಗೆ ಮುಗಿಯೋದು. ನಮ್ಮ ಕಡೆಯ ಒಬ್ಬ ನಾಲ್ಕು ಸಾಲೂ ಮುಗಿಸಿ ಪಲ್ಲವಿಗೆ ಬರೋನು. ಕುರಿ ಕಾಯೋರ ಮನೆ ಹುಡುಗ, ಬೆಟ್ಟ ಹತ್ತಿ ಇಳಿದು ಎದೆ ಗಟ್ಟಿಯಾಗಿತ್ತು. ಅವನ ಆಟ ಅಂದ್ರೆ ಹುರುಳಿ ಕೀಳೋದು ಬಿಟ್ಟು ಜನ ಬರೋರು.

ನೆಲ ಮಣ್ಣಿನದು. ಡ್ರಿಲ್ ಮೇಷ್ಟ್ರು ಬೂದಿಯಲ್ಲಿ ಗೆರೆ ಎಳೆಸೋರು. ಏಳು ಜನಕ್ಕೂ ಒಂದೇ ಬಣ್ಣದ ಬನಿಯನ್ ಇರಲಿಲ್ಲ. ಬೆಳಿಗ್ಗೆ ರಾಗಿ ಮುದ್ದೆ ತಿಂದು ಬಂದವನು ಸಂಜೆ ತನಕ ಆಡಬೇಕು.

ಈಗ ಆ ಹೊಸೂರಿನ ಆಟದ ವಿಷಯ. ವರ್ಷ 1974 ಅಂತ ನನ್ನ ಲೆಕ್ಕ. ಆ ವರ್ಷ ನಮ್ಮನೆಯಲ್ಲಿ ಅಕ್ಕನ ಮದುವೆ, ಅದಕ್ಕೇ ನೆನಪು. ರಾಗಿ ಮೂಟೆ ಹೇರಿದ ಲಾರಿ ಮೇಲೆ ಕೂತು ನಾನೂ ಹೋಗಿದ್ದೆ. ಗೆದ್ದವರು ಧರ್ಮಪುರಿಗೆ ಹೋಗಬೇಕು. ಕಡೇ ರೈಡಿನವರೆಗೂ ಎರಡೂ ಕಡೆ ಸಮ. ಎದುರಿನ ಹುಡುಗ ಬಂದು ನಮ್ಮವನೊಬ್ಬನನ್ನ ಮುಟ್ಟಿ ತಿರುಗಿದ. ಮೂಲೆಯಲ್ಲಿದ್ದವನು ಹಾರಿ ಅವನ ಕಾಲು ಹಿಡಿದ. ಹಿಡಿದಿದ್ದು ಜಾರಿತು. ಆ ಹುಡುಗ ಬಿದ್ದಲ್ಲಿಂದಲೇ ಕೈ ಚಾಚಿ ಮಧ್ಯದ ಗೆರೆ ಮುಟ್ಟಿದ. ನಾವು ಸೋತೆವು.

ಊರಿಗೆ ಬಂದು ನಾನು ಒಂದು ಪದ ಕಟ್ಟಿದೆ. ಉಸಿರಿನ ಹುಡುಗನನ್ನ ಹೊಗಳಿದೆ. ಕಾಲು ಬಿಟ್ಟವನ ಮೇಲೂ ಒಂದು ನುಡಿ ಸೇರಿಸಿದೆ. ಜನ ನಕ್ಕರು. ನಕ್ಕಿದ್ದಕ್ಕೆ ಮತ್ತೆ ಮತ್ತೆ ಹಾಡಿದೆ. ಕೋಲಾಟದಲ್ಲಿ, ಜಾತ್ರೆಯಲ್ಲಿ, ಅವನ ಊರಿನ ಮದುವೆಯಲ್ಲೂ ಹಾಡಿದೆ. ನಲವತ್ತು ವರ್ಷಕ್ಕೂ ಮೇಲೆ ಹಾಡಿದೀನಿ.

ಟೀ ಅಂಗಡಿಯ ಜಗಳ ಆದ ಮೇಲೆ ಅವನ ಮನೆ ಹುಡುಕಿಕೊಂಡು ಹೋದೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹಾಕ್ತಿದ್ದ. "ಬಾಣ್ಣ, ಕೂತ್ಕೊ" ಅಂದ. ಆಟದ ಮಾತು ಎತ್ತಿದೆ. "ಬಿಟ್ಟಿದ್ದು ನಿಜ ಕಣಣ್ಣ" ಅಂದು ಎಡಗೈ ಚಾಚಿದ. ಎರಡು ಬೆರಳು ಸೊಟ್ಟಗಿವೆ. ಮೊದಲನೇ ಅರ್ಧದಲ್ಲೇ ಬೆರಳು ಹೊರಳಿತ್ತಂತೆ. ಬದಲಿಗೆ ಆಡೋಕೆ ಯಾರೂ ಇರಲಿಲ್ಲ, ಬಟ್ಟೆ ಸುತ್ತಿಕೊಂಡು ನಿಂತನಂತೆ. "ಯಾಕಪ್ಪ ಹೇಳಲಿಲ್ಲ?" ಅಂದೆ. "ನೀನು ಕೇಳಲಿಲ್ಲವಲ್ಲ" ಅಂದ. ಅವನ ಹೆಂಡತಿ ಕಾಫಿ ತಂದುಕೊಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು.

ಆ ತಂಡದಲ್ಲಿದ್ದ ಇಬ್ಬರನ್ನ ಆಮೇಲೆ ಕೇಳಿದೆ. ಒಬ್ಬ, ಹೌದು, ಬಟ್ಟೆ ಹರಿದುಕೊಟ್ಟವನೇ ನಾನು ಅಂದ. ಇನ್ನೊಬ್ಬ, ಬೆರಳು ಮುರಿದಿದ್ದು ಬೇರೆ ಆಟದಲ್ಲಿ ಅಂದ. ಇಬ್ಬರ ಮಾತೂ ಇಲ್ಲಿ ಬರೆದಿದ್ದೀನಿ. ಯಾವುದು ಸರಿಯಾದರೂ ಸರಿ, ಆ ನುಡಿಯನ್ನ ಹಾಡೋದು ನಿಲ್ಲಿಸಿದೆ.

ಪದದಲ್ಲಿ ರೈಡರ್ ಬರ್ತಾನೆ, ಕಾಲು ಹಿಡಿಯೋರು ಬರಲ್ಲ. ಬೂದಿ ಗೆರೆ ಎಳೆದ ಹುಡುಗರು ಬರಲ್ಲ. ನಮ್ಮ ಕಡೆ ಹೆಣ್ಣುಮಕ್ಕಳೂ ಸ್ಕೂಲಲ್ಲಿ ಆಡಿದ್ರು. ಲಂಗ ಕಚ್ಚೆ ಕಟ್ಟಿ ಆಡೋರು, ಒಬ್ಬಳ ಹಿಡಿತ ಗಂಡುಹುಡುಗರಿಗೂ ಬಿಡಿಸೋಕಾಗ್ತಿರಲಿಲ್ಲ. ಮದುವೆಯಾಗಿ ಬೇರೆ ಬೇರೆ ಊರಿಗೆ ಹೋದರು. ಅವರ ಮೇಲೆ ನಾನು ಒಂದು ಸಾಲೂ ಕಟ್ಟಿಲ್ಲ. ಈಗ ಅವರ ಮೊಮ್ಮಕ್ಕಳು ಟಿವಿಯಲ್ಲಿ ಕಬಡ್ಡಿ ನೋಡ್ತಾರೆ, ಅಜ್ಜಿ ಆಡಿದ್ದು ಗೊತ್ತಿರಲಿಕ್ಕಿಲ್ಲ.

ಉಸಿರಿನ ಹುಡುಗ ಹೊಸೂರಿನಲ್ಲಿ ಸಿಪ್‌ಕಾಟ್ ಕಂಪನಿಗಳು ಬಂದಾಗ ಕೆಲಸಕ್ಕೆ ಸೇರಿ ರಿಟೈರಾದ. ಮೆಟ್ಟಿಲು ಹತ್ತಿದರೆ ಈಗ ಏದುಸಿರು ಅಂತ ನಗ್ತಾನೆ. ಇಬ್ಬರು ಬೆಂಗಳೂರು ಸೇರಿದರು. ಇಬ್ಬರು ತೀರಿಕೊಂಡರು.

ಯಾರ ಹೆಸರನ್ನೂ ನಾನಿಲ್ಲಿ ಬರೆದಿಲ್ಲ. ನನಗೆ ನೆನಪಿರೋ ನಾಲ್ಕು ಹೆಸರು ಬರೆದು, ಮರೆತುಹೋದವರನ್ನ ಮತ್ತೆ ಬಿಟ್ಟ ಹಾಗಾಗಬಾರದು. ಮೇಷ್ಟ್ರುಗಳಿಗೆ ಒಂದು ಮಾತು. ನಮ್ಮ ವಾಚನಾಲಯದಲ್ಲಿ ಒಂದು ನೋಟ್‌ಬುಕ್ ಇಡಿ. ಆಡಿದವರು, ನೋಡಿದವರು, ಅವರ ಮನೆಯವರು ಬಂದು ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಅಲ್ಲ ಅಂದರೆ ಎರಡನ್ನೂ ಬರೆಯಲಿ. ಮೊದಲು ಆ ಕಾಲು ಹಿಡಿದವನ ಮನೆಗೆ ಹೋಗಲಿ. ದಾರಿ ನಾನು ತೋರಿಸ್ತೀನಿ.