ಹೆಸರು ಮೊದಲೋ, ವಸ್ತು ಮೊದಲೋ?

ವಸ್ತುವಿಗೂ ಅದರ ಹೆಸರಿಗೂ ಇರುವ ಸಂಬಂಧ ಎಂತಹುದು ಎಂಬ ಪ್ರಶ್ನೆ ನಮ್ಮ ವೈಯಾಕರಣರನ್ನೂ ನೈಯಾಯಿಕರನ್ನೂ ಶತಮಾನಗಳ ಕಾಲ ಕಾಡಿದೆ. ಹೆಸರಿದ್ದ ಮಾತ್ರಕ್ಕೆ ವಸ್ತು ಇದೆಯೆಂದು ನಂಬಬಹುದೆ? ಹೆಸರನ್ನು ಅಳಿಸಿದರೆ ವಸ್ತು ಅಳಿಯುವುದೆ? ಇವು ಪಂಡಿತರ ಜಗಲಿಯ ಪ್ರಶ್ನೆಗಳೆಂದೇ ನಾನು ಬಹುಕಾಲ ತಿಳಿದಿದ್ದೆ. ಆದರೆ ಕಂಪ್ಯೂಟರಿನ ಒಡಲಿನಲ್ಲಿ ಇದೇ ಪ್ರಶ್ನೆ ಐವತ್ತು ವರ್ಷಗಳಿಗೂ ಮೀರಿ ನಡೆದು ಬಂದಿದೆ. ಅದರ ಉತ್ತರವನ್ನು ಕಡೆಗಣಿಸಿದವರು ತಕ್ಕ ಬೆಲೆಯನ್ನೂ ತೆತ್ತಿದ್ದಾರೆ. ಹಾಗೆ ತೆತ್ತವರಲ್ಲಿ ನಾನೂ ಒಬ್ಬ. ಆ ಚರಿತ್ರೆಯನ್ನು ತಮ್ಮ ಮುಂದೆ ನಿವೇದಿಸುವುದು ಇಂದಿನ ಈ ಭಾಷಣದ ಉದ್ದೇಶ.

ಕಂಪ್ಯೂಟರಿಗೆ ಜೋಡಿಸಿದ ಡಿಸ್ಕು, ಟೇಪು, ಮುದ್ರಣಯಂತ್ರ, ಕೀಲಿಮಣೆ ಇವೆಲ್ಲವನ್ನೂ ಸಾಧನಗಳು ಎನ್ನೋಣ. ಈ ಸಾಧನಗಳೊಡನೆ ನೇರವಾಗಿ ವ್ಯವಹರಿಸುವ ಅಧಿಕಾರ ಸಾಮಾನ್ಯ ಪ್ರೋಗ್ರಾಮುಗಳಿಗೆ ಇರುವುದಿಲ್ಲ. ಅದು ಕರ್ನಲ್, ಎಂದರೆ ತಿರುಳು, ಎಂದು ಕರೆಯಲಾಗುವ ಮೂಲ ವ್ಯವಸ್ಥೆಯ ಕೆಲಸ. ಒಂದೊಂದು ಬಗೆಯ ಸಾಧನಕ್ಕೂ ಕರ್ನಲ್ಲಿನೊಳಗೆ ಒಬ್ಬೊಬ್ಬ ಸಾರಥಿ ಇರುತ್ತಾನೆ; ಅವನಿಗೆ ಡ್ರೈವರ್ ಎಂದೇ ಹೆಸರು. ಹಾಗಾದರೆ ಹೊರಗಿನ ಪ್ರೋಗ್ರಾಮು ‘ನನಗೆ ಆ ಟೇಪು ಬೇಕು’ ಎಂದು ಕೇಳುವುದು ಹೇಗೆ?

ಅಮೆರಿಕದ ನ್ಯೂಜರ್ಸಿಯ ಬೆಲ್ ಲ್ಯಾಬೊರೇಟರೀಸ್‌ನಲ್ಲಿ ೧೯೬೯ರಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಮೇಲಿನ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಬಹಳ ಸರಳವಾದುದು. ಸಾಧನಕ್ಕೂ ಒಂದು ಕಡತದ ಹೆಸರು ಕೊಡಿ, ಎಂದರು ಅವರು. ‘ಡೆವ್’ ಎಂಬ ಒಂದು ಖಾನೆಯಲ್ಲಿ ಆ ಹೆಸರುಗಳೆಲ್ಲ ಇರಲಿ. ಪತ್ರವೊಂದನ್ನು ಕಡತಕ್ಕೆ ಬರೆಯುವ ರೀತಿಯಲ್ಲೇ ಮುದ್ರಣಯಂತ್ರಕ್ಕೂ ಬರೆಯುವಂತಾಗಲಿ. ೧೯೭೪ರಲ್ಲಿ ಇಬ್ಬರೂ ಕೂಡಿ ಪ್ರಕಟಿಸಿದ ಪ್ರಬಂಧದಲ್ಲಿ ಇವನ್ನು ‘ವಿಶೇಷ ಕಡತ’ಗಳೆಂದು ಕರೆದು, ಇದರಿಂದಾಗುವ ಮೂರು ಪ್ರಯೋಜನಗಳನ್ನು ಹೇಳಿದ್ದಾರೆ: ಕಡತದ ವ್ಯವಹಾರ, ಸಾಧನದ ವ್ಯವಹಾರ ಎರಡೂ ಒಂದೇ ತೆರನಾಗುತ್ತವೆ, ಕಡತದ ಹೆಸರನ್ನು ಬಯಸುವ ಪ್ರೋಗ್ರಾಮಿಗೆ ಸಾಧನದ ಹೆಸರನ್ನೂ ಕೊಡಬಹುದು, ಕಡತಗಳಿಗಿರುವ ಕಾವಲೇ ಸಾಧನಗಳಿಗೂ ಸಾಕಾಗುತ್ತದೆ.

ಈ ವಿಶೇಷ ಕಡತಕ್ಕೆ ಬಳಕೆಯಲ್ಲಿ ನಿಂತ ಹೆಸರು ಡಿವೈಸ್ ನೋಡ್. ಗ್ರಂಥಾಲಯದ ಸೂಚೀಪತ್ರವನ್ನು ನೆನೆದರೆ ಇದರ ಸ್ವರೂಪ ಸ್ಪಷ್ಟವಾದೀತು. ಚಿಕ್ಕ ಸೆಳೆಖಾನೆಯಲ್ಲಿ ಪುಸ್ತಕಕ್ಕೊಂದು ಕಾರ್ಡು. ಅದರಲ್ಲಿ ಪುಸ್ತಕದ ಹೆಸರು, ಕಪಾಟಿನ ಸಂಖ್ಯೆ. ಪುಸ್ತಕದ ಒಂದು ಸಾಲೂ ಆ ಕಾರ್ಡಿನಲ್ಲಿ ಇಲ್ಲ. ನೋಡ್ ಕೂಡ ಹಾಗೆಯೇ. ಅದರಲ್ಲಿರುವುದು ಒಂದು ಹೆಸರು, ಯಾರು ಬಳಸಬಹುದೆಂಬ ಅಪ್ಪಣೆ, ಸಾಧನದ ಜಾತಿಯನ್ನು ಸೂಚಿಸುವ ಒಂದು ಗುರುತು, ಎರಡು ಸಂಖ್ಯೆಗಳು. ‘ಮೇಜರ್’ ಎಂಬ ಮೊದಲ ಸಂಖ್ಯೆ ಯಾವ ಡ್ರೈವರ್ ಎಂಬುದನ್ನು ಹೇಳಿದರೆ, ‘ಮೈನರ್’ ಎಂಬ ಎರಡನೆಯದು ಆ ಡ್ರೈವರಿನ ಕೈಕೆಳಗಿನ ಯಾವ ಸಾಧನ ಎಂಬುದನ್ನು ಹೇಳುತ್ತದೆ. ಕರ್ನಲ್ ನೋಡುವುದು ಈ ಸಂಖ್ಯೆಗಳನ್ನು ಮಾತ್ರ. ಹೆಸರು ನಮ್ಮ ಅನುಕೂಲಕ್ಕೆ.

ನೋಡನ್ನು ಹುಟ್ಟಿಸುವ ಆಜ್ಞೆಗೆ ‘ಮೇಕ್‌ನೋಡ್’ ಎಂದು ಹೆಸರು. ರೂಟ್ ಎಂದು ಕರೆಯಲಾಗುವ ಮೇಲ್ವಿಚಾರಕನ ಹೊರತು ಇತರರು ಸಾಧನಗಳ ನೋಡುಗಳನ್ನು ಸೃಷ್ಟಿಸುವಂತಿಲ್ಲ. ಕಾರಣ ಸುಲಭವಾಗಿದೆ. ಒಂದೇ ಪುಸ್ತಕಕ್ಕೆ ಎರಡು ಕಾರ್ಡು ಬರೆಯಬಹುದಷ್ಟೆ? ಡಿಸ್ಕಿನ ನೋಡಿಗೆ ಬಿಗಿಯಾದ ಕಾವಲು ಇರಿಸಿದ್ದರೂ, ಅದೇ ಸಂಖ್ಯೆಗಳ ಇನ್ನೊಂದು ನೋಡನ್ನು ತನ್ನ ಮನೆಯ ಖಾನೆಯಲ್ಲಿ ಸೃಷ್ಟಿಸಿಕೊಂಡವನಿಗೆ ಇಡೀ ಡಿಸ್ಕೇ ತೆರೆದ ಬಾಗಿಲಾಗುತ್ತದೆ. ಇನ್ನು ನೋಡನ್ನು ಅಳಿಸುವುದೋ, ಸಾಧಾರಣ ಕಡತವನ್ನು ಅಳಿಸಿದಂತೆಯೇ. ಕಾರ್ಡನ್ನು ಹರಿದುಹಾಕಿದರೆ ಪುಸ್ತಕ ಕಪಾಟಿನಲ್ಲೇ ಉಳಿಯುತ್ತದೆ. ಹುಡುಕುವ ದಾರಿ ಮಾತ್ರ ಮುಚ್ಚುತ್ತದೆ.

ನಾನು ಈ ಪಾಠ ಕಲಿತದ್ದು ಪುಸ್ತಕದಿಂದಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಒಂದು ಕಚೇರಿಯ ಯೂನಿಕ್ಸ್ ಯಂತ್ರದ ಉಸ್ತುವಾರಿ ನನ್ನದಾಗಿತ್ತು. ಲೆಕ್ಕಪತ್ರಗಳೆಲ್ಲ ಪ್ರತಿರಾತ್ರಿ ತಾವಾಗಿಯೇ ಟೇಪಿಗೆ ನಕಲಾಗುತ್ತಿದ್ದವು. ಡೆವ್ ಖಾನೆಯನ್ನು ಒಮ್ಮೆ ತೆರೆದು ನೋಡಿದಾಗ ಒಂದೇ ಟೇಪ್‌ಯಂತ್ರಕ್ಕೆ ಎರಡು ಹೆಸರುಗಳು ಕಂಡವು. ಕೆಲಸ ಮುಗಿದೊಡನೆ ಟೇಪನ್ನು ಹಿಂದಕ್ಕೆ ಸುತ್ತುವುದು ಒಂದು, ಇದ್ದಲ್ಲೇ ನಿಲ್ಲಿಸುವುದು ಇನ್ನೊಂದು ಎಂಬುದು ನನಗೆ ಅಂದು ತಿಳಿದಿರಲಿಲ್ಲ. ಅನಗತ್ಯವಾದ ಪುನರುಕ್ತಿ ಎಂದು ಬಗೆದು, ಓರಣಗೊಳಿಸುವ ಉತ್ಸಾಹದಲ್ಲಿ ಒಂದನ್ನು ಅಳಿಸಿಬಿಟ್ಟೆ. ರಾತ್ರಿಯ ನಕಲು ನಡೆಯುತ್ತಿದ್ದುದು ಅದೇ ಹೆಸರಿನಿಂದ.

ಯಂತ್ರ ಒಂದು ದೂರನ್ನೂ ಹೇಳಲಿಲ್ಲ. ಆ ಹೆಸರಿನ ಕಡತ ಇಲ್ಲದಿದ್ದಾಗ ವ್ಯವಸ್ಥೆ ತನ್ನ ಧರ್ಮದಂತೆ ಅದೇ ಹೆಸರಿನ ಹೊಸ ಕಡತವೊಂದನ್ನು ಡಿಸ್ಕಿನಲ್ಲೇ ಸೃಷ್ಟಿಸಿ, ಲೆಕ್ಕವನ್ನೆಲ್ಲ ಅದರೊಳಗೆ ತುಂಬಿತು. ಬೆಳಗ್ಗೆ ನಕಲನ್ನು ಪರೀಕ್ಷಿಸುವ ಪ್ರೋಗ್ರಾಮು ಆ ಹೆಸರನ್ನೇ ತೆರೆದು ಓದಿ, ಎಲ್ಲವೂ ಸರಿಯಾಗಿದೆಯೆಂದು ವರದಿ ಕೊಟ್ಟಿತು. ಹೀಗೆ ಮೂರು ವಾರ ನಡೆಯಿತು. ನಾವು ಪ್ರತಿದಿನ ಟೇಪು ಬದಲಿಸಿ, ಮೇಲೆ ತಾರೀಖು ಬರೆದು ಬೀರುವಿನಲ್ಲಿ ಇಡುತ್ತಿದ್ದೆವು. ಒಂದು ದಿನ ಡಿಸ್ಕು ಕೆಟ್ಟಿತು. ನಕಲೆಂದು ನಂಬಿದ್ದ ಕಡತ ಮೂಲದೊಡನೆಯೇ ಹೋಯಿತು. ಟೇಪುಗಳನ್ನು ಹಾಕಿ ನೋಡಿದರೆ ಹಳೆಯ ಲೆಕ್ಕ ಮಾತ್ರ ಇತ್ತು. “ದಿನಾ ಟೇಪು ಬದಲಾಯಿಸುತ್ತಿದ್ದೆವಲ್ಲ ಸಾರ್?” ಎಂದು ಹಿರಿಯ ಗುಮಾಸ್ತರು ಕೇಳಿದಾಗ ನಾನು ಕೊಡಬಹುದಾಗಿದ್ದ ಉತ್ತರ ಯಾವುದೂ ಇರಲಿಲ್ಲ. ಅವರೂ ಅವರ ಸಂಗಡಿಗರೂ ಕಾಗದದ ವೋಚರುಗಳನ್ನು ಹರಡಿಕೊಂಡು ಮೂರು ವಾರದ ಲೆಕ್ಕವನ್ನು ಮತ್ತೆ ಬರೆದರು. ಟೇಪು ಇತ್ತು, ಹೆಸರೂ ಇತ್ತು. ಎರಡರ ನಡುವಿನ ನಂಟನ್ನು ನಾನು ಕಡಿದಿದ್ದೆ.

೧೯೯೧ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಈ ಪದ್ಧತಿಯನ್ನೇ ಅನುಸರಿಸಿತು. ಮುಂದೆ ಯಾವ ಸಾಧನವನ್ನು ಯಾರು ಜೋಡಿಸುವರೋ ಎಂಬ ಊಹೆಯ ಮೇಲೆ ಡೆವ್ ಖಾನೆಯಲ್ಲಿ ಸಾವಿರಾರು ನೋಡುಗಳನ್ನು ಮೊದಲೇ ಸೃಷ್ಟಿಸಿಡುವ ರೂಢಿ ಬೆಳೆಯಿತು. ಪುಸ್ತಕವಿಲ್ಲದ ಕಾರ್ಡುಗಳೇ ಸೆಳೆಖಾನೆಯ ತುಂಬ! ಸಂಖ್ಯೆಗಳಿಗೂ ಬರ ಬಂದಿತು. ಮೇಜರ್ ಸಂಖ್ಯೆಗೆ ಇದ್ದುದು ೨೫೬ ಸ್ಥಾನ, ಮೈನರ್‌ಗೂ ಅಷ್ಟೆ. ೨೦೦೧ರಲ್ಲಿ ಹೊಸ ಸಂಖ್ಯೆಗಳ ಹಂಚಿಕೆಯನ್ನೇ ತಡೆಹಿಡಿಯಬೇಕೆಂದು ಟೊರ್ವಾಲ್ಡ್ಸ್ ಸೂಚಿಸಿದರು. ಅಷ್ಟರಲ್ಲಿ ಯುಎಸ್‌ಬಿ ಸಾಧನಗಳು ಬಂದಿದ್ದವು. ಯಂತ್ರ ನಡೆಯುತ್ತಿರುವಾಗಲೇ ಅವನ್ನು ಸಿಕ್ಕಿಸಬಹುದು, ಕೀಳಬಹುದು. ನೆಲೆನಿಂತ ವಸ್ತುಗಳಿಗಾಗಿ ಮಾಡಿದ ಪಟ್ಟಿಯಲ್ಲಿ ಈ ಅತಿಥಿಗಳನ್ನು ಸೇರಿಸುವುದೆಂತು?

ಸಾಧನ ಬಂದಾಗ ಕರ್ನಲ್ಲೇ ಹೆಸರನ್ನು ಹುಟ್ಟಿಸಲಿ, ಹೋದಾಗ ತಾನೇ ಅಳಿಸಲಿ ಎಂದು ರಿಚರ್ಡ್ ಗೂಚ್ ವಾದಿಸಿದರು. ಅವರ ‘ಡೆವ್‌ಎಫ್‌ಎಸ್’ ೨೦೦೦ದ ಫೆಬ್ರವರಿಯಲ್ಲಿ ಲಿನಕ್ಸಿನ ಪ್ರಯೋಗಾವೃತ್ತಿಯನ್ನು ಸೇರಿತು. ಆದರೆ ವಿರೋಧವೂ ಬಲವಾಗಿಯೇ ಇತ್ತು. ಹೆಸರಿಡುವುದು ಬಳಸುವವರ ಹಕ್ಕು. ಅದನ್ನು ಕರ್ನಲ್ಲಿನೊಳಗೆ ಬರೆದಿಟ್ಟರೆ ಬದಲಿಸುವವರು ಯಾರು ಎಂಬುದು ಮುಖ್ಯ ಆಕ್ಷೇಪ. ರೂಢಿಯ ಚಿಕ್ಕ ಹೆಸರುಗಳ ಸ್ಥಾನದಲ್ಲಿ ಅದು ತಂದ ಉದ್ದುದ್ದ ಹೆಸರುಗಳೂ ಹಲವರಿಗೆ ರುಚಿಸಲಿಲ್ಲ. ಗ್ರೆಗ್ ಕ್ರೋಹ್-ಹಾರ್ಟ್‌ಮನ್ ೨೦೦೩ರಲ್ಲಿ ‘ಯುಡೆವ್’ ಎಂಬ ಇನ್ನೊಂದು ದಾರಿಯನ್ನು ಮುಂದಿಟ್ಟರು. ಅದರಂತೆ ಕರ್ನಲ್ ‘ಇಂಥದೊಂದು ಬಂದಿದೆ’, ‘ಇಂಥದೊಂದು ಹೋಯಿತು’ ಎಂದು ಸಾರಿದರೆ ಸಾಕು. ಹೊರಗಿರುವ ಒಂದು ಪ್ರೋಗ್ರಾಮು ತನಗೆ ಕೊಟ್ಟ ನಿಯಮಗಳನ್ನು ನೋಡಿ ಹೆಸರಿಡುತ್ತದೆ, ಅಪ್ಪಣೆ ಗೊತ್ತುಮಾಡುತ್ತದೆ, ಹೋದುದರ ಹೆಸರನ್ನು ಅಳಿಸುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ೨.೬ನೆಯ ಆವೃತ್ತಿ ಮೇಜರ್ ಸಂಖ್ಯೆಗಳನ್ನು ೪೦೯೬ಕ್ಕೆ ಏರಿಸಿತು, ಮೈನರ್ ಸಂಖ್ಯೆಗಳನ್ನು ಹತ್ತು ಲಕ್ಷಕ್ಕೂ ಮೇಲೆ ಒಯ್ದಿತು. ೨೦೦೬ರಲ್ಲಿ ಡೆವ್‌ಎಫ್‌ಎಸ್ ಲಿನಕ್ಸಿನಿಂದ ನಿರ್ಗಮಿಸಿತು.

ವಾದ ಅಲ್ಲಿಗೆ ಮುಗಿಯಿತೆಂದು ತಿಳಿದವರಿಗೆ ೨೦೦೯ ಅಚ್ಚರಿಯನ್ನು ತಂದಿತು. ಯಂತ್ರ ಏಳುವ ಮೊದಲ ಗಳಿಗೆಯಲ್ಲಿ ಹೊರಗಿನ ಪ್ರೋಗ್ರಾಮು ಇನ್ನೂ ಎದ್ದಿರುವುದಿಲ್ಲ. ಆಗ ಹೆಸರಿಡುವವರು ಯಾರು? ಈ ಕೊರತೆಯನ್ನು ತುಂಬಲು ಕೇ ಸೀವರ್ಸ್ ಮೊದಲಾದವರು ‘ಡೆವ್‌ಟೆಂಪ್‌ಎಫ್‌ಎಸ್’ ಎಂಬುದನ್ನು ತಂದರು. ಯುಡೆವ್‌ನ ಜನಕರಾದ ಕ್ರೋಹ್-ಹಾರ್ಟ್‌ಮನ್ ಕೂಡ ಅದರಲ್ಲಿ ಪಾಲ್ಗೊಂಡರೆಂಬುದು ಗಮನಾರ್ಹ. ಮೊದಲ ನೋಡನ್ನು ಕರ್ನಲ್ ಸೃಷ್ಟಿಸುತ್ತದೆ, ಕೊನೆಗೆ ಅಳಿಸುವುದೂ ಅದೇ. ಅಪ್ಪಣೆಗಳು, ಅಡ್ಡಹೆಸರುಗಳು ಯುಡೆವ್‌ನ ಪಾಲಿಗೆ. ಹುಟ್ಟುಹೆಸರು ತಿರುಳಿನದು, ಕರೆಯುವ ಹೆಸರು ಮನೆಯವರದು ಎಂಬ ಈ ಒಪ್ಪಂದ ಇಂದಿಗೂ ನಡೆದುಬಂದಿದೆ. ಇತ್ತ ಯೂನಿಕ್ಸ್ ವಂಶದ ಇನ್ನೊಂದು ಕವಲಾದ ಫ್ರೀಬಿಎಸ್‌ಡಿ ೨೦೦೩ರ ತನ್ನ ಐದನೆಯ ಆವೃತ್ತಿಯಿಂದಲೇ ಈ ಕೆಲಸವನ್ನು ಕರ್ನಲ್ಲಿಗೆ ವಹಿಸಿ ನೆಮ್ಮದಿಯಾಗಿದೆ.

ಹುಟ್ಟಿಸುವುದಕ್ಕಿಂತ ಅಳಿಸುವುದು ಕಷ್ಟವೆಂಬುದನ್ನು ಈ ಚರಿತ್ರೆಯ ಕೊನೆಯ ಅಧ್ಯಾಯ ತೋರಿಸುತ್ತದೆ. ಪ್ರೋಗ್ರಾಮೊಂದು ಸಾಧನವನ್ನು ತೆರೆದು ಓದುತ್ತಿರುವಾಗಲೇ ನಾವು ಅದನ್ನು ಕಿತ್ತೆವೆಂದುಕೊಳ್ಳಿ. ನೋಡ್ ಅಳಿಯುತ್ತದೆ, ಹೊಸಬರು ಯಾರೂ ಆ ಹೆಸರಿನಿಂದ ಒಳಗೆ ಬರಲಾರರು. ಆದರೆ ಈಗಾಗಲೇ ಒಳಗಿರುವವನ ಕೈಯಲ್ಲಿ ಹಳೆಯ ಹಿಡಿತ ಉಳಿದೇ ಇದೆ. ಆ ಸಾಧನದ ಬಗೆಗೆ ಕರ್ನಲ್ ತನ್ನ ನೆನಪಿನಲ್ಲಿ ಇರಿಸಿಕೊಂಡ ವಿವರವನ್ನು ಒಡನೆಯೇ ಅಳಿಸಿದರೆ, ಅವನು ಮತ್ತೆ ಕೈ ಚಾಚಿದಾಗ ಇಡೀ ಯಂತ್ರವೇ ಕುಸಿದು ಬೀಳಬಹುದು. ಆದುದರಿಂದ ಕರ್ನಲ್ ಎಷ್ಟು ಮಂದಿ ಹಿಡಿದಿದ್ದಾರೆಂದು ಎಣಿಕೆ ಇಟ್ಟುಕೊಳ್ಳುತ್ತದೆ. ಕೇಳಿದವನಿಗೆ ‘ಸಾಧನ ಇಲ್ಲ’ ಎಂಬ ಉತ್ತರ ಕೊಡುತ್ತದೆ. ಕೊನೆಯವನು ಕೈಬಿಟ್ಟ ಮೇಲೆ ಆ ನೆನಪನ್ನು ಒರೆಸುತ್ತದೆ. ಡ್ರೈವರ್ ಬರೆಯುವವರು ಪಾಲಿಸಬೇಕಾದ ಕ್ರಮವೂ ಇದಕ್ಕೆ ಅನುಗುಣವಾಗಿದೆ. ಹುಟ್ಟಿಸುವಾಗ ವಸ್ತು ಸಿದ್ಧವಾದ ಮೇಲೆ ಹೆಸರನ್ನು ಸಾರಬೇಕು. ತೆಗೆಯುವಾಗ ಹೆಸರನ್ನು ಹಿಂತೆಗೆದುಕೊಂಡ ಮೇಲೆ ವಸ್ತುವನ್ನು ಬಿಡಬೇಕು.

ನಾನು ಆ ಕಚೇರಿಯಲ್ಲಿ ಮಾಡಿದ್ದು ಹೆಸರನ್ನು ಮಾತ್ರ ತೆಗೆಯುವ ಕೆಲಸ. ಅದನ್ನು ಯಾರು ಹಿಡಿದಿದ್ದಾರೆಂದು ಕೇಳುವ ವ್ಯವಧಾನ ನನಗಿರಲಿಲ್ಲ. ಇಂದಿನ ಯಂತ್ರಗಳಲ್ಲಿ ಡೆವ್ ಖಾನೆಯನ್ನು ಕೈಯಿಂದ ಓರಣಗೊಳಿಸುವ ಪ್ರಸಂಗವೇ ಅಪರೂಪ. ಆ ಎಣಿಕೆಯ ಭಾರವನ್ನು ಕರ್ನಲ್ ಹೊತ್ತುಕೊಂಡಿದೆ. ಆದರೂ ಎಲ್ಲಿಯಾದರೂ, ಯಾವುದಾದರೂ ಪಟ್ಟಿಯಿಂದ ‘ಇದು ಪುನರುಕ್ತಿ’ ಎಂದು ಒಂದು ಹೆಸರನ್ನು ಹೊಡೆದುಹಾಕಲು ಹೊರಟಾಗ, ವೋಚರುಗಳ ಮುಂದೆ ತಲೆಬಾಗಿಸಿ ಕುಳಿತಿದ್ದ ಆ ಹಿರಿಯ ಗುಮಾಸ್ತರು ಕಣ್ಣ ಮುಂದೆ ಬರುತ್ತಾರೆ. ನಾನು ಕೈ ತಡೆದು, ಇನ್ನೊಮ್ಮೆ ವಿಚಾರಿಸುತ್ತೇನೆ.