ಆರು ಮಕ್ಕಳ ತಾಯಿಮಾತು

ನಾನು ಕೆಲಸಕ್ಕೆ ಸೇರಿದ ಹೊಸದು. ದಕ್ಷಿಣ ಕನ್ನಡದ ಒಂದು ಹಳ್ಳಿಶಾಲೆ. ಪುಸ್ತಕದ ಚಿತ್ರ ತೋರಿಸಿ "ಇದೇನು?" ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗಿ "ಪಿಲಿ ಟೀಚರ್" ಎಂದಳು. ನಾನು ಘಟ್ಟದ ಮೇಲಿನವಳು, ತುಳು ಬಾರದು. "ಪಿಲಿ ಅಲ್ಲ, ಹುಲಿ. ಸರಿಯಾಗಿ ಮಾತಾಡು" ಎಂದು ಗದರಿಬಿಟ್ಟೆ. ಆ ವರ್ಷವಿಡೀ ಅವಳು ನನ್ನ ತರಗತಿಯಲ್ಲಿ ತಾನಾಗಿ ಬಾಯಿ ಬಿಡಲಿಲ್ಲ.

ಹಳಗನ್ನಡದಲ್ಲಿ ನಾವೂ 'ಪುಲಿ' ಎನ್ನುತ್ತಿದ್ದೆವು, ತಮಿಳಿನಲ್ಲಿ ಇಂದಿಗೂ ಅದು ಪುಲಿಯೇ. ಇದನ್ನೆಲ್ಲ ಬಿ.ಎ.ಯಲ್ಲಿ ಓದಿದ್ದೆ. ಓದಿದ್ದು ಬೇಕಾದ ಹೊತ್ತಿಗೆ ಒದಗಲಿಲ್ಲ. ಪಪುವಾ ನ್ಯೂಗಿನಿಯ ಒಂದು ಪುಟ್ಟ ಭಾಷಾ ಕುಟುಂಬದ ಬಗ್ಗೆ ಓದುವಾಗ ಆ ಹುಡುಗಿಯ ಮುಖ ಮತ್ತೆ ಕಣ್ಣಮುಂದೆ ಬಂತು.

ಆ ದೇಶದಲ್ಲಿ 800ಕ್ಕೂ ಹೆಚ್ಚು ಭಾಷೆಗಳಿವೆ. ಅಲ್ಲಿನ ಸೆಪಿಕ್ ಎಂಬ ದೊಡ್ಡ ನದಿಯ ಕೆಳದಂಡೆಯ ಕಡೆ ಆರು ಭಾಷೆಗಳು ಒಂದೇ ಮನೆತನದವು: ಯಿಮಾಸ್, ಕರವಾರಿ, ಚಾಂಬ್ರಿ, ಅಂಗೋರಮ್, ಮುರಿಕ್, ಕೋಪಾರ್. ಎಲ್ಲಿ ನೋಡಿದರೂ ಜೌಗು, ಓಡಾಟವೆಲ್ಲ ದೋಣಿಯಲ್ಲಿ. ಊಟಕ್ಕೆ ಮೀನು, ಜೊತೆಗೆ ಸಾಗೋ ಮರದ ತಿರುಳಿನ ಹಿಟ್ಟು. ಚಾಂಬ್ರಿ ಹೆಂಗಸರು ಕೆರೆಯ ಮೀನು ಹಿಡಿದು, ಗುಡ್ಡದ ಊರಿನ ಹೆಂಗಸರಿಗೆ ಕೊಟ್ಟು ಸಾಗೋ ತರುತ್ತಿದ್ದರು. 1933ರಲ್ಲಿ ಅಲ್ಲಿದ್ದ ಮಾರ್ಗರೆಟ್ ಮೀಡ್, ಮನೆಯ ವ್ಯವಹಾರವೆಲ್ಲ ಈ ಹೆಂಗಸರ ಕೈಯಲ್ಲಿದೆಯೆಂದು 1935ರ ತಮ್ಮ ಪುಸ್ತಕದಲ್ಲಿ ಬರೆದು ಲೋಕವನ್ನೇ ಬೆರಗುಗೊಳಿಸಿದರು. ವಿಷಯ ಅಷ್ಟು ಸರಳವಲ್ಲ ಎಂದು ಮುಂದೆ ಅಲ್ಲಿಗೆ ಹೋದವರು ಹೇಳಿದರು. ಮುರಿಕ್ ಹೆಂಗಸರು ಸಮುದ್ರದ ಅಂಚಿನವರು. ಬೇಸಾಯಕ್ಕೆ ನೆಲವಿಲ್ಲ, ಅವರು ಹೆಣೆದ ಬುಟ್ಟಿಗಳೇ ವ್ಯಾಪಾರದ ಸರಕು.

ಹೀಗೆ ದೂರದೂರ ಹಂಚಿಹೋದ ಈ ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರು ಭಾಷಾವಿಜ್ಞಾನಿ ವಿಲಿಯಂ ಫೋಲಿ. 1986ರಲ್ಲಿ ಬಂದ ಅವರ ಪುಸ್ತಕದಲ್ಲಿ ಈ ಆರರ ತಾಯಿಭಾಷೆಯ ಮಾತುಗಳನ್ನು ಮತ್ತೆ ಕಟ್ಟುವ ಪ್ರಯತ್ನವಿದೆ. ನೀರಿಗೆ ಚಾಂಬ್ರಿಯಲ್ಲಿ 'ಅರಿಮ್', ಮುರಿಕ್‌ನಲ್ಲೂ ಹಾಗೆಯೇ. ಅಂಗೋರಮ್‌ನಲ್ಲಿ ಮಾತ್ರ 'ಅಲಿಮ್'. ಒಂದು ಮಾತಿನಲ್ಲಿ ಹೀಗಾದರೆ ಆಕಸ್ಮಿಕ ಎನ್ನಬಹುದು. 'ಮೂರು' ಎನ್ನುವಾಗಲೂ ಚಾಂಬ್ರಿಯ ರಕಾರದ ಜಾಗದಲ್ಲಿ ಅಂಗೋರಮ್‌ನವರು ಲಕಾರವನ್ನೇ ಆಡಿದರೆ ಅದು ನಿಯಮ. ನೀರು, ಬೆಂಕಿ, ಮೂರು ಇಂಥ ಮಾತುಗಳನ್ನು ಯಾರೂ ಸುಲಭಕ್ಕೆ ನೆರೆಮನೆಯಿಂದ ಕಡ ತರುವುದಿಲ್ಲ. ಹಾಗೆ ತಾಯಿ ಆಡಿರಬಹುದಾದ ಮಾತನ್ನು ಊಹಿಸಿ, ಅದರ ಮುಂದೆ ಒಂದು ನಕ್ಷತ್ರದ ಗುರುತು ಹಾಕುತ್ತಾರೆ. ಈ ಮಾತನ್ನು ಬರಹದಲ್ಲಿ ಕಂಡವರಿಲ್ಲ, ಕಿವಿಯಾರೆ ಕೇಳಿದವರೂ ಇಲ್ಲ ಎಂದು ಅದರ ಅರ್ಥ.

ನಮ್ಮ 'ಪುಲಿ'ಗೆ ಹಳೆಯ ಕಾವ್ಯಗಳ ಸಾಕ್ಷಿ ಇದೆ. ಅವರಿಗೆ ಹಳೆಯ ಬರಹವೇ ಇಲ್ಲ. ಇಂದು ಮಾತಾಡುವವರ ಬಾಯಿಯೇ ಶಾಸನ. ತೋಟದ ಕೂಲಿಗೆ ಹೋದ ಗಂಡಸರು ಟೋಕ್ ಪಿಸಿನ್ ಎಂಬ ಬೆರಕೆ ಭಾಷೆ ಕಲಿತು ಬಂದರು. ಪೇಟೆಗೂ ಚರ್ಚಿಗೂ ಅದೇ ಸಾಕಾಯಿತು, ಮೆಲ್ಲಗೆ ಮನೆಯೊಳಗೂ ಬಂತು. 1991ರಲ್ಲಿ ಫೋಲಿಯವರ ಯಿಮಾಸ್ ವ್ಯಾಕರಣ ಅಚ್ಚಾದಾಗ ಆ ಭಾಷೆಯವರು ಕೆಲವೇ ನೂರು ಮಂದಿ. 2022ರಲ್ಲಿ ಅವರು ಕೋಪಾರ್ ವ್ಯಾಕರಣ ಹೊರತಂದರು. ಅದನ್ನಾಡುವವರು ಇನ್ನೂ ಕಡಿಮೆ. ಇಂಥ ಒಂದು ಮಗಳು ಮಾತು ನಿಲ್ಲಿಸಿದರೆ ತಾಯಿಯ ಬಗ್ಗೆ ಹೇಳಲು ಸಾಕ್ಷಿಯೊಂದು ಕಡಿಮೆಯಾಗುತ್ತದೆ. ಅವಳಲ್ಲಿ ಮಾತ್ರ ಉಳಿದಿದ್ದ ಹಳೆಯ ಉಚ್ಚಾರವೊಂದಿದ್ದರೆ ಅದೂ ಅವಳೊಂದಿಗೇ ಹೋಗುತ್ತದೆ.

ನನ್ನ ತರಗತಿಯ ಹುಡುಗಿ ತಪ್ಪು ಹೇಳಿರಲಿಲ್ಲ. ಕನ್ನಡ ಕೈಬಿಟ್ಟ ಪಕಾರವನ್ನು ಅವಳ ಮನೆಯವರು ಜೋಪಾನ ಮಾಡಿದ್ದರು. ಟೀಚರಾದ ನನ್ನ ಒಂದು ಗದರಿಕೆಗೆ ಒಂದು ಮಗು ಸುಮ್ಮನಾಯಿತು. ಹೀಗೆ ಎಷ್ಟು ಶಾಲೆಗಳಲ್ಲಿ ಎಷ್ಟು ಮಕ್ಕಳು ಸುಮ್ಮನಾದರೋ!

ಈಗ ಮಕ್ಕಳು ಮನೆಮಾತಿನಲ್ಲಿ ಉತ್ತರ ಕೊಟ್ಟರೆ ಅದನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ. ಪಿಲಿ, ಪುಲಿ, ಹುಲಿ, ಒಂದರ ಕೆಳಗೊಂದು. "ಟೀಚರ್, ಇವೆಲ್ಲ ಅಕ್ಕತಂಗಿಯರಾ?" ಎಂದು ಒಬ್ಬಳು ಕೇಳಿದಳು. ಹೌದು ಎಂದೆ. ಮೊದಲ ವರ್ಷವೇ ಹೇಳಬೇಕಿದ್ದ ಮಾತು ಅದು.